ಇನ್ನೊಬ್ಬಳ ಹೆಸರಿಗೆ

“ನಿನಗೇನನ್ನಿಸುತ್ತದೆ, ರೈಹಾನಾ?” ಎಂದು ಟೀಚರು ಕೇಳಿದಾಗ ಗೋಡೆಯ ಏಸಿಯ ಸದ್ದು ಒಮ್ಮೆಲೇ ಜೋರಾದಂತಾಯಿತು. ಮೇಜಿನ ಸುತ್ತ ಕೂತಿದ್ದ ಹುಡುಗಿಯರೆಲ್ಲ ಅವಳ ಕಡೆ ತಿರುಗಿದರು. ಆ ನೋಟಗಳಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು, ತಲೆ ತಗ್ಗಿಸಿ ಕೂತುಬಿಡಬಹುದಿತ್ತು. ಇಲ್ಲಿ ಎಲ್ಲರೂ ನಿಜವಾಗಿಯೂ ಕಾಯುತ್ತಿದ್ದರು. ಅವರು ಓದುತ್ತಿದ್ದ ಕತೆಯಲ್ಲಿ ಒಬ್ಬ ಮುದುಕಿ ಮಾತಿನ ನಡುವೆ ಎದ್ದುಹೋಗಿ ಕಿಟಕಿ ಮುಚ್ಚಿ ಬರುತ್ತಾಳೆ. ಯಾಕೆ ಮುಚ್ಚಿದಳು ಎಂಬುದು ಪ್ರಶ್ನೆ. ಧೂಳು ಬರುತ್ತಿತ್ತೇನೋ ಎಂದು ರೈಹಾನಾಳಿಗೆ ಮೊದಲು ಹೊಳೆದದ್ದು ನಿಜ. ನಜ್ಮಾ ಬಡಾವಣೆಯ ತಮ್ಮ ಮನೆಯಲ್ಲಿ ಉಮ್ಮ ಹೊತ್ತು ಹೊತ್ತಿಗೂ ಕಿಟಕಿ ಮುಚ್ಚುತ್ತಿದ್ದದ್ದು ಧೂಳಿಗೇ. ಆದರೆ ಅಷ್ಟು ದೂರದ ಅಮೆರಿಕದಿಂದ ಬಂದ ಟೀಚರು ಧೂಳಿನಂಥ ಉತ್ತರಕ್ಕಾಗಿ ಕೇಳಿರಲಾರರು. “ಅವಳಿಗೆ ದುಃಖವಾಗಿರಬೇಕು” ಎಂದಳು. ಟೀಚರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಇರಬಹುದು. ಇದು ನಿನಗೆ ಅನ್ನಿಸಿದ್ದೋ, ನನಗೆ ಇಷ್ಟವಾದೀತು ಅಂತ ಹೇಳಿದ್ದೋ?” ಎಂದು ಕೇಳಿದರು. ಮೆತ್ತಗಿನ ದನಿಯಲ್ಲೇ ಕೇಳಿದರು. ಒಂದಿಬ್ಬರು ಹುಡುಗಿಯರು ನಕ್ಕರು, ಅದೂ ಸ್ನೇಹದ ನಗುವೇ. ರೈಹಾನಾಳ ಕಿವಿಗಳು ಬಿಸಿಯಾದವು. ಇಷ್ಟು ಸಣ್ಣ ಕೋಣೆಯಲ್ಲಿ ಒಬ್ಬಳ ಕಿವಿ ಬಿಸಿಯಾದದ್ದು ಕೂಡ ಉಳಿದವರಿಗೆ ಗೊತ್ತಾಗುತ್ತದೆ ಎಂದು ಅವಳಿಗೆ ಅನಿಸಿತು.

ಕೋಣೆಯೆಂದರೆ ಅದು ನಿಜಕ್ಕೂ ಯಾರದೋ ಮನೆಯ ಚಾವಡಿ. ಕತಾರಿನ ಅಲ್ ಗರಾಫಾ ಎಂಬಲ್ಲಿ ಎರಡು ವಿಲ್ಲಾಗಳನ್ನು ಬಾಡಿಗೆಗೆ ಹಿಡಿದು ಕಾಲೇಜು ಶುರುಮಾಡಿದ್ದರು. ಅಡಿಗೆಮನೆಯ ಕಪಾಟುಗಳಲ್ಲಿ ಪುಸ್ತಕಗಳಿದ್ದವು. ಬಚ್ಚಲಿನಲ್ಲಿ ಮಕ್ಕಳನ್ನು ಮೀಯಿಸುವ ನೀಲಿ ತೊಟ್ಟಿ ಹಾಗೇ ಉಳಿದಿತ್ತು. ಹೆಚ್ಚಿನವರು ಕತಾರಿ ಹುಡುಗಿಯರು, ಜತೆಗೆ ಒಬ್ಬಳು ಲೆಬನಾನಿನವಳು, ಒಬ್ಬಳು ಸುಡಾನಿನವಳು. ಎಲ್ಲರಿಗೂ ಎಲ್ಲರ ಹೆಸರು ಗೊತ್ತು. ಯಾರ ತಮ್ಮನಿಗೆ ಜ್ವರ, ಯಾರಿಗೆ ಮೀನು ಆಗದು, ಎಲ್ಲವೂ ಗೊತ್ತು. ಸೇರಿದ ಮೊದಲ ವಾರ ರೈಹಾನಾ ಬಚ್ಚಲಿಗೆ ಹೋಗಿ ಸ್ವಲ್ಪ ಹೆಚ್ಚು ಹೊತ್ತು ಅಲ್ಲೇ ನಿಂತಿದ್ದಳು, ತೊಟ್ಟಿಯ ಅಂಚಿಗೆ ಕೈಯೂರಿ, ಏನೂ ಕಾರಣವಿಲ್ಲದೆ. ಮರಳಿ ಬಂದಾಗ ಪಾಠ ನಿಂತಿತ್ತು. “ನೀನು ಬರಲಿ ಅಂತ ಕಾದೆವು” ಎಂದಿದ್ದರು ಟೀಚರು. ಹಿಂದಿನ ಜಾಗದಲ್ಲಿ ಅವಳು ಸತ್ತರೂ ಪಾಠ ನಿಲ್ಲುತ್ತಿರಲಿಲ್ಲ. ಆ ದೊಡ್ಡ ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ವಿಭಾಗದಲ್ಲಿ ಬೆಳಿಗ್ಗೆ ಬಸ್ಸುಗಳು ಸಾಲಾಗಿ ನಿಂತು ಬಾಗಿಲು ತೆರೆದಾಗ ಕಪ್ಪು ಅಬಾಯಗಳ ಹೊಳೆಯೇ ಇಳಿಯುತ್ತಿತ್ತು. ಅದರಲ್ಲಿ ಒಂದು ಹನಿಯಾಗಿ ಅವಳೂ ಇಳಿಯುತ್ತಿದ್ದಳು, ಗೆಳತಿ ಫಸೀಲಾಳ ಮೊಣಕೈ ಹಿಡಿದುಕೊಂಡು. ಭೂಗೋಳದ ಕ್ಲಾಸಿನ ಹಾಲ್ ಎಷ್ಟು ದೊಡ್ಡದೆಂದರೆ ಹಿಂದಿನ ಸಾಲಿಗೆ ಈಜಿಪ್ಟಿನ ಪ್ರೊಫೆಸರರ ಮುಖ ಸರಿಯಾಗಿ ಕಾಣುತ್ತಿರಲಿಲ್ಲ, ಮೈಕಿನ ದನಿ ಮಾತ್ರ ಬರುತ್ತಿತ್ತು. ಅವಳ ತಂದೆ, ಬಾಪ ಮೊಯ್ದಿನ್, ಇಲ್ಲಿನ ಸರಕಾರದ ಸಚಿವಾಲಯವೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಡ್ರೈವರಾಗಿದ್ದವರು. ಹಾಗಾಗಿ ರೈಹಾನಾ ಓದಿದ್ದು ಅರಬಿ ಶಾಲೆಯಲ್ಲಿ, ಸೀಟು ಸಿಕ್ಕಿದ್ದೂ ಅದೇ ದಾರಿಯಲ್ಲಿ. ಫಸೀಲಾಳದೂ ಅದೇ ಕತೆ. ಅವಳ ಬಾಪ ಐನ್ ಖಾಲಿದ್‌ನ ಮಸೀದಿಯಲ್ಲಿ ಬಾಂಗ್ ಕೊಡುವವರು. ಅಷ್ಟು ದೊಡ್ಡ ಹಾಲ್‌ನಲ್ಲಿ ಉಪ್ಪಿನಂಗಡಿ ಕಡೆಯ ಮಾತು ಬಲ್ಲವರು ಇವರಿಬ್ಬರೇ.

ಫಸೀಲಾ ಯಾರ ದನಿಯನ್ನಾದರೂ ತೆಗೆಯುತ್ತಿದ್ದಳು. ಬಸ್ಸಿನ ಪಾಕಿಸ್ತಾನಿ ಡ್ರೈವರು ‘ಯಲ್ಲಾ ಯಲ್ಲಾ’ ಎಂದು ಅವಸರಿಸುವುದು, ಪ್ರೊಫೆಸರರು ಪ್ರತಿ ವಾಕ್ಯಕ್ಕೂ ಮೊದಲು ಗಂಟಲು ಸರಿಮಾಡಿಕೊಳ್ಳುವುದು, ರೈಹಾನಾಳ ಉಮ್ಮ ಆಸಿಯಾ ಮೀನಿನವನ ಹತ್ತಿರ ಚೌಕಾಸಿ ಮಾಡುವುದು. ಹಿಂದಿನ ಸಾಲಿನಲ್ಲಿ ಅವಳ ಪಕ್ಕ ಕೂತು ರೈಹಾನಾ ಬಾಯಿಗೆ ಬಟ್ಟೆ ಒತ್ತಿಕೊಂಡು ನಗುತ್ತಿದ್ದಳು. ಅದೆಲ್ಲ ಕಾಮಾಲೆ ಬರುವ ಮೊದಲಿನ ಮಾತು. ಹೋದ ವರ್ಷ ಚಳಿಗಾಲದಲ್ಲಿ ಕಾಮಾಲೆ ಬಂದು ರೈಹಾನಾ ಕೆಲವು ವಾರ ಮಲಗಿಬಿಟ್ಟಳು. ಕಣ್ಣು, ಉಗುರು ಎಲ್ಲ ಅರಶಿನ. ಮಲಗಿದಲ್ಲಿಂದ ಅವಳು ಬಾಗಿಲನ್ನೇ ನೋಡುತ್ತಿದ್ದಳು, ಫಸೀಲಾ ಬಂದಾಳೆಂದು. ಮಸೀದಿಯ ಕ್ವಾರ್ಟರ್ಸ್‌ನಲ್ಲಿ ಫೋನಿಲ್ಲ ಎಂದು ಅವಳಿಗೆ ಗೊತ್ತಿತ್ತು. ಬಸ್ಸು ಬಿಟ್ಟರೆ ಬೇರೆಲ್ಲಿಗೂ ಹೆಣ್ಣುಮಕ್ಕಳನ್ನು ಕಳಿಸುವ ಮನೆ ಅದಲ್ಲ ಎಂದೂ ಗೊತ್ತಿತ್ತು. ಗೊತ್ತಿದ್ದರೂ ನೋಡುತ್ತಿದ್ದಳು. ಗುಣವಾಗಿ ಹೋದ ದಿನ ಫಸೀಲಾ, “ಬಂದ್ಯಾ? ಮುಖ ಎಂತ ಇಷ್ಟು ಸಣ್ಣ ಆಗಿದೆ ಮಾರಾಯ್ತಿ” ಎಂದು ಹೇಳಿ, ಇನ್ನೇನನ್ನೋ ಕೇಳಬೇಕು ಎನ್ನುವಂತೆ ಅವಳ ಮುಖವನ್ನೇ ನೋಡುತ್ತ ಒಂದು ಕ್ಷಣ ನಿಂತಳು. ಆಮೇಲೆ ಬಸ್ಸಿನ ಏಸಿ ಕೆಟ್ಟಿರುವ ವಿಷಯ ಎತ್ತಿದಳು. ಅಷ್ಟೇ. ಕ್ಲಾಸು ಮುಗಿದ ಮೇಲೆ ರೈಹಾನಾ ವೈದ್ಯರ ಚೀಟಿ ಹಿಡಿದುಕೊಂಡು ಪ್ರೊಫೆಸರರ ಬಳಿ ಹೋದಳು. ಅವರು ಚೀಟಿಯನ್ನು ಕೈಗೆ ತೆಗೆದುಕೊಳ್ಳಲಿಲ್ಲ. “ನೀನು ತಪ್ಪಿಸಿಕೊಂಡದ್ದೇನೂ ಇಲ್ಲವಲ್ಲ ಮಗಳೇ, ಹೋಗು” ಎಂದು ಮುಂದಿನವಳ ಕಡೆ ತಿರುಗಿದರು. ಅವಳು ಕಾರಿಡಾರಿನಲ್ಲಿ ಚೀಟಿ ಹಿಡಿದು ನಿಂತಳು. ಇವರು ಹೆಸರು ಕೂಗಿದರೂ ತಲೆಯೆತ್ತಿ ನೋಡುವವರಲ್ಲ. ನೋಡದೆಯೇ ಎಲ್ಲರನ್ನೂ ಇದ್ದಾರೆಂದು ಬರೆದುಕೊಳ್ಳುತ್ತಾರೆ. ತಾನಿದ್ದರೂ ಇಲ್ಲದಿದ್ದರೂ ಒಂದೇ. ಹಾಗೆ ಅರ್ಥಮಾಡಿಕೊಂಡಳು. ಆ ಅರ್ಥವನ್ನು ಮತ್ತೆ ಯಾವತ್ತೂ ತಿರುವಿ ನೋಡಲಿಲ್ಲ.

ಹೊಸ ಕಾಲೇಜಿನ ಸುದ್ದಿ ತಂದದ್ದು ಬಾಪ. ಅವರ ಮುದೀರ್, ಅಂದರೆ ಆಫೀಸಿನ ಮೇಲಧಿಕಾರಿ, ಕಾರಿನಲ್ಲಿ ಕೂತು ಫೋನಿನಲ್ಲಿ ಮಾತಾಡಿದ್ದನ್ನು ಕೇಳಿಸಿಕೊಂಡು ಬಂದಿದ್ದರು. ಇಂಗ್ಲಿಷಿನಲ್ಲಿ ಪಾಠ, ಸಾಹಿತ್ಯ, ಚರಿತ್ರೆ, ಚಿತ್ರ ಎಲ್ಲ ಸೇರಿಸಿ ಕಲಿಸುತ್ತಾರಂತೆ, ಇಲ್ಲಿಯೇ ಬೆಳೆದ ಹೊರಗಿನ ಒಂದಿಬ್ಬರು ಹುಡುಗಿಯರನ್ನೂ ತೆಗೆದುಕೊಳ್ಳುತ್ತಾರಂತೆ. ಅಲ್ಲಿ ಓದಿದ ಒಂದು ವರ್ಷ ಇಲ್ಲಿ ಲೆಕ್ಕಕ್ಕಿಲ್ಲ, ಮತ್ತೆ ಮೊದಲಿನಿಂದ ಶುರು. ಸಂದರ್ಶನದಲ್ಲಿ ಇದೇ ಟೀಚರು, ಅಷ್ಟು ದೊಡ್ಡ ವಿಶ್ವವಿದ್ಯಾಲಯ ಬಿಟ್ಟು ಇಲ್ಲಿಗೆ ಯಾಕೆ ಬರುತ್ತೀ ಎಂದು ಕೇಳಿದಾಗ “ಅಲ್ಲಿ ನಾನು ಇಲ್ಲ” ಎಂದು ಅವಳ ಬಾಯಿಂದ ಹೊರಟುಬಿಟ್ಟಿತು. ಟೀಚರ ಕಣ್ಣು ಹೊಳೆದದ್ದನ್ನು ಅವಳು ನೋಡಿದಳು. ಆಮೇಲೆ ಆ ಮಾತನ್ನು ಇನ್ನೂ ಎರಡು ಸಲ, ಬೇಕೆಂದೇ, ಬೇರೆ ಬೇರೆ ರೀತಿಯಲ್ಲಿ ಹೇಳಿದಳು. ಸೀಟು ಸಿಕ್ಕಿತು. ಫಸೀಲಾಳಿಗೆ ಹೇಳಲಿಲ್ಲ. ಹೇಳಲು ಧೈರ್ಯವಾಗಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದಳು, ಆದರೆ ನಿಜ ಅದಲ್ಲ. ನಾನಿಲ್ಲದ್ದು ಇವಳಿಗೆ ಯಾವಾಗ ಗೊತ್ತಾಗುತ್ತದೆ ನೋಡೋಣ ಎಂಬ ಹಟವಿತ್ತು. ಹೊಸ ವರ್ಷದ ಪಾಠಗಳು ಶುರುವಾದ ಮೇಲೂ ಹಳೆಯ ಕಡೆಗೆ ಕೆಲವು ದಿನ ಹೋಗಿಬಂದಳು. ಕೊನೆಯ ದಿನ ಬಸ್ಸಿನಿಂದ ಇಳಿಯುವಾಗ “ನಾಳೆ ಸಿಗುವ” ಎಂದಳು. ಫಸೀಲಾ ಕಿಟಕಿಯಿಂದ ರೈಹಾನಾಳ ಉಮ್ಮನ ದನಿಯಲ್ಲಿ “ಹೆಚ್ಚು ಹೇಳ್ಬೇಡ, ಕೊನೆಯ ರೇಟು ಹೇಳು!” ಎಂದು ಕೂಗಿದಳು. ರೈಹಾನಾ ತಿರುಗಿ ನೋಡಲಿಲ್ಲ.

ಮುದುಕಿಯ ಕತೆ ಓದಿದ ಆ ದಿನ ಪಾಠ ಮುಗಿದು ಹೊರಗೆ ಬಂದರೆ ಆಫೀಸಿನ ಫ್ಲೋರಿನ್ ಬಾಗಿಲಲ್ಲೇ ನಿಂತಿದ್ದಳು. ಅವಳು ಬಜ್ಪೆಯ ಕೊಂಕಣಿ ಹೆಂಗಸು. ಕಾಲೇಜಿನ ಫೋನು, ಬೀಗದ ಕೈ, ಹುಡುಗಿಯರ ತಲೆನೋವಿನ ಮಾತ್ರೆ ಎಲ್ಲ ಅವಳ ಸುಪರ್ದಿಯಲ್ಲಿ. “ಎಂತ ರೈಹಾನಾ, ಮುಖ ಬಾಡಿದೆ? ಊಟಕ್ಕೆ ಬಾ, ಪತ್ರೊಡೆ ತಂದಿದ್ದೇನೆ” ಎಂದಳು. ಊರ ಮಾತು, ಊರ ಅಕ್ಕರೆ. ರೈಹಾನಾ ಹಸಿವಿಲ್ಲ ಎಂದು ತಪ್ಪಿಸಿಕೊಂಡಳು. ಯಾಕೋ ಈ ಹೆಂಗಸಿನ ಹತ್ತಿರ ಕನ್ನಡದಲ್ಲಿ ಮಾತಾಡಿದರೆ ಫಸೀಲಾಳ ಪಾಲಿನದ್ದನ್ನು ತೆಗೆದು ಇವಳಿಗೆ ಕೊಟ್ಟಂತೆ ಅನಿಸುತ್ತಿತ್ತು. ಗೇಟಿನಾಚೆ ಬಾಪ ಹಳೆಯ ಟೊಯೋಟಾದಲ್ಲಿ ಕಾಯುತ್ತಿದ್ದರು. ಈ ಕಾಲೇಜಿಗೆ ಬಸ್ಸಿಲ್ಲ. ಆಫೀಸಿನ ಮಧ್ಯಾಹ್ನದ ಬಿಡುವಿನಲ್ಲಿ ಅವರೇ ಬಂದು ಕರೆದೊಯ್ಯುತ್ತಿದ್ದರು. ಬೆಳಗಿನಿಂದ ಬೇರೆಯವರಿಗಾಗಿ ಕಾರು ಓಡಿಸಿ ಬಂದವರು ಇವಳಿಗಾಗಿಯೂ ಓಡಿಸುವಾಗ ಮಾತಾಡುವುದು ಕಡಿಮೆ. ಅಂದು ಮಾತ್ರ ಮೊದಲ ರೌಂಡ್‌ಅಬೌಟ್ ದಾಟುತ್ತಿದ್ದಂತೆ ಅವರೇ ಶುರುಮಾಡಿದರು.

“ನಿನ್ನ ಒಟ್ಟಿಗೆ ಇದ್ದಳಲ್ಲ, ಬಾಂಗ್ ಕೊಡುವವರ ಮಗಳು ಫಸೀಲಾ?”

“ಹೂಂ.”

“ಅವಳನ್ನು ಯೂನಿವರ್ಸಿಟಿಯಿಂದ ಹೊರಗೆ ಹಾಕಿದ್ದಾರಂತೆ.”

ರೈಹಾನಾ ಹೊರಗೆ ನೋಡುತ್ತಿದ್ದಳು. ಒಂದು ಖಾಲಿ ನಿವೇಶನದಲ್ಲಿ ಯಾರೋ ನೀರಿನ ಟ್ಯಾಂಕರ್ ತೊಳೆಯುತ್ತಿದ್ದರು. “ಎಂತಕ್ಕೆ?” ಎಂದಳು.

“ಕ್ಲಾಸಿನಲ್ಲಿ ಹೆಸರು ಕೂಗುವಾಗ ಬೇರೆ ಯಾರದೋ ಹೆಸರಿಗೆ ಇವಳು ಉತ್ತರ ಕೊಟ್ಟದ್ದಂತೆ. ಒಂದು ದಿನ ಅಲ್ಲ, ಸುಮಾರು ದಿನ. ಹೋದ ವರ್ಷವೂ ಹಾಗೆ ಮಾಡಿದ್ದೇನೆ ಅಂತ ಅವಳೇ ಒಪ್ಪಿಕೊಂಡದ್ದಂತೆ. ಶುಕ್ರವಾರ ಜುಮಾಕ್ಕೆ ಅವರ ಮಸೀದಿಗೆ ಹೋಗಿದ್ದೆ. ಪಾಪ ಮನುಷ್ಯ, ನನ್ನ ಕೈ ಹಿಡ್ಕೊಂಡು ಮಾತೇ ಬರದೆ ನಿಂತುಬಿಟ್ಟರು. ದಿನಕ್ಕೆ ಐದು ಸಲ ಇಡೀ ಊರಿಗೆ ಕೇಳುವ ಹಾಗೆ ಕೂಗುವವರು.”

“ಯಾರ ಹೆಸರಿಗೆ ಬಾಪ?”

“ಅದು ಅವರು ಹೇಳ್ಲಿಲ್ಲ” ಎಂದರು ಮೊಯ್ದಿನ್, ರಸ್ತೆಯಿಂದ ಕಣ್ಣು ತೆಗೆಯದೆ. “ನಾನೂ ಕೇಳ್ಲಿಲ್ಲ.”

ಮನೆಯಲ್ಲಿ ಉಮ್ಮ ಬಂಗುಡೆ ಹುರಿಯುತ್ತಿದ್ದಳು. ರೈಹಾನಾ ತಟ್ಟೆಯ ಮುಂದೆ ಕೂತು ಮೀನಿನ ಮುಳ್ಳು ಬಿಡಿಸಿದಳು. ಬಿಡಿಸಿದ್ದನ್ನು ತಿನ್ನಲಿಲ್ಲ. ಹೋದ ವರ್ಷವೂ, ಎಂದರೆ ಕಾಮಾಲೆಯ ದಿನಗಳು. ತಾನು ಬಾಗಿಲು ನೋಡುತ್ತ ಮಲಗಿದ್ದ ಅಷ್ಟೂ ದಿನ ಆ ಹಾಲ್‌ನಲ್ಲಿ ತನ್ನ ಹೆಸರು ಕೂಗಿದಾಗ ಫಸೀಲಾ ರೈಹಾನಾಳ ದನಿ ತೆಗೆದು ಉತ್ತರಿಸಿದ್ದಾಳೆ. ಯಾರೂ ಗಮನಿಸಲಿಲ್ಲ ಎಂದು ತಾನು ಯಾವುದರ ಮೇಲೆ ಅಷ್ಟೆಲ್ಲ ಕಟ್ಟಿಕೊಂಡಿದ್ದಳೋ, ‘ಅಲ್ಲಿ ನಾನು ಇಲ್ಲ’ ಎಂದು ಹೇಳಿ ಯಾವುದರಿಂದ ಸೀಟು ಗಿಟ್ಟಿಸಿದ್ದಳೋ, ಅದರ ಹಿಂದೆ ಒಬ್ಬಳು ಪ್ರತಿ ದಿನ, ಸಿಕ್ಕಿಬಿದ್ದೇನೆಂಬ ಭಯದಲ್ಲಿ, ಅವಳಿದ್ದಾಳೆ ಎಂದು ಹೇಳುತ್ತ ಕೂತಿದ್ದಳು. ಮತ್ತೆ ಈ ಸಲ. ಈ ಸಲ ಅವಳು ಏನೆಂದು ತಿಳಿದಿರಬೇಕು? ಕಾಮಾಲೆ ಮರುಕಳಿಸಿದೆ ಎಂದೇ ತಿಳಿದಿರಬೇಕು. ತಾನು ಹಟದಿಂದ ಪರೀಕ್ಷೆಗಿಟ್ಟ ಹೊತ್ತಿನಲ್ಲಿ ಅವಳು ರೈಹಾನಾಳಿಗೆ ಹುಷಾರಿಲ್ಲವೆಂದು ಚಿಂತೆಮಾಡುತ್ತಿದ್ದಳು. “ಎಂತ ಆಯ್ತು ನಿನಗೆ, ಮೀನು ಸರಿ ಇಲ್ವಾ?” ಎಂದು ಉಮ್ಮ ಕೇಳಿದಳು. ಸರಿ ಇದೆ ಎಂದಳು. ತುತ್ತು ಬಾಯಿಗಿಟ್ಟುಕೊಂಡಳು. ತನಗೆ ಅಳು ಬರುತ್ತಿಲ್ಲ ಎಂಬುದು ಅವಳಿಗೆ ಬೇರೆಯೇ ಒಂದು ನಾಚಿಕೆಯಾಗಿ ಕಂಡಿತು.

ಬೆಳಿಗ್ಗೆ ಕಾರು ಹತ್ತುವಾಗ, “ಇವತ್ತು ಕಾಲೇಜಿಗೆ ಬೇಡ ಬಾಪ, ಯೂನಿವರ್ಸಿಟಿಗೆ ಬಿಡಿ” ಎಂದಳು. ಮೊಯ್ದಿನ್ ಕನ್ನಡಿಯಲ್ಲಿ ಅವಳನ್ನೊಮ್ಮೆ ನೋಡಿದರು, ಏನೂ ಕೇಳಲಿಲ್ಲ. ಗೇಟಿನಲ್ಲಿ ಕಾವಲಿನ ಹೆಂಗಸು ಕಾರ್ಡು ಕೇಳಿದರೆ ಏನು ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದ್ದಳು. ಕಾರ್ಡು ಯಾವಾಗಲೋ ಹಿಂದಿರುಗಿಸಿಯಾಗಿತ್ತು. ಆದರೆ ಬಸ್ಸುಗಳಿಂದ ಇಳಿದ ಗುಂಪಿನೊಳಗೆ ಅವಳು ಸೇರಿಕೊಂಡದ್ದೇ ತಡ, ಯಾರದೋ ಬ್ಯಾಗು ಬೆನ್ನಿಗೆ ತಾಗಿ, ಯಾರದೋ ಅತ್ತರಿನ ವಾಸನೆ ಮೂಗಿಗೆ ಹೊಡೆದು, ಗೇಟು ಹಿಂದಕ್ಕೆ ಸರಿದುಹೋಗಿತ್ತು. ಯಾರೂ ಕೇಳಲಿಲ್ಲ. ಆ ಕೇಳದಿರುವಿಕೆ ಬೆಚ್ಚಗಿತ್ತು. ಇಷ್ಟು ದಿನ ಇದನ್ನೇ ಅವಮಾನ ಎಂದುಕೊಂಡಿದ್ದೆನಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು. ಕಾರಿಡಾರಿನಲ್ಲಿ ಗೊತ್ತಿಲ್ಲದ ಹುಡುಗಿಯೊಬ್ಬಳು ಅವಳ ತೋಳು ಹಿಡಿದು ಗಂಟೆ ಎಷ್ಟೆಂದು ಕೇಳಿ, ಉತ್ತರ ಸಿಗುವ ಮೊದಲೇ ಓಡಿಹೋದಳು.

ಪ್ರೊಫೆಸರರು ತಮ್ಮ ಕೋಣೆಯಲ್ಲಿ ಚಹಾದ ಗ್ಲಾಸಿಗೆ ಸಕ್ಕರೆ ಕದಡುತ್ತಿದ್ದರು. ಹತ್ತಿರದಿಂದ ನೋಡಿದರೆ ಅವರು ಅವಳೆಣಿಸಿದ್ದಕ್ಕಿಂತ ಮುದುಕರಾಗಿದ್ದರು. ಬಾಗಿಲನ್ನು ತೆರೆದೇ ಇಟ್ಟು ಅವಳು ನಿಂತಲ್ಲಿಂದಲೇ, ದಾರಿಯಲ್ಲಿ ಕಟ್ಟಿಕೊಂಡು ಬಂದಿದ್ದ ಅರಬಿ ವಾಕ್ಯಗಳನ್ನು ಒಂದೇ ಉಸಿರಿಗೆ ಒಪ್ಪಿಸಿದಳು. “ನಾನು ರೈಹಾನಾ. ನನ್ನ ಹೆಸರಿಗೆ ಉತ್ತರ ಕೊಡು ಅಂತ ಫಸೀಲಾಳಿಗೆ ನಾನೇ ಹೇಳಿದ್ದು. ಹೋದ ವರ್ಷವೂ, ಈ ವರ್ಷವೂ. ಅವಳ ತಪ್ಪಿಲ್ಲ. ಒತ್ತಾಯ ಮಾಡಿದ್ದು ನಾನು.”

ಅವರು ಚಮಚ ತೆಗೆದು ತಟ್ಟೆಯಲ್ಲಿಟ್ಟರು. “ನೀನು ವೈದ್ಯರ ಚೀಟಿ ತಂದಿದ್ದ ಹುಡುಗಿ” ಎಂದರು.

ಹೌದೆಂದು ಅವಳು ತಲೆಯಾಡಿಸಿದಳು.

“ಬದಲಿಗೆ ಹಾಜರಿ ಹೇಳಿಸಿದವಳು ಚೀಟಿ ಹಿಡಿದುಕೊಂಡು ಬರುತ್ತಾಳೆಯೇ, ಮಗಳೇ? ನಿನಗೆ ಅದು ಗೊತ್ತೇ ಇರಲಿಲ್ಲ. ಈಗ ಸುಳ್ಳು ಹೇಳುತ್ತಿದ್ದೀ.”

“ನಿಮಗೆ ಗೊತ್ತಿತ್ತೇ?” ಎಂದಳು.

“ಕಿಟಕಿಯ ಬದಿಯ ಜಾಗ ಖಾಲಿಯಿತ್ತು. ಅದರ ಪಕ್ಕದವಳು ಎರಡು ಹೆಸರಿಗೆ ಉತ್ತರ ಕೊಡುತ್ತಿದ್ದಳು, ಎರಡನೆಯದಕ್ಕೆ ತಲೆ ಬಗ್ಗಿಸಿಕೊಂಡು. ಚೆನ್ನಾಗಿಯೇ ಕೊಡುತ್ತಿದ್ದಳು. ದಿನವೂ ಒಬ್ಬಳಿಗಾಗಿ ಮಾತ್ರ. ನನಗೂ ಹೆಣ್ಣುಮಕ್ಕಳಿದ್ದಾರೆ, ಸುಮ್ಮನಿದ್ದೆ. ನೀನು ಕಣ್ಣು ಹಳದಿ ಮಾಡಿಕೊಂಡು ಚೀಟಿ ತಂದಾಗ, ಅದನ್ನು ತೆಗೆದುಕೊಂಡರೆ ಅವಳು ಸಿಕ್ಕಿಬೀಳುತ್ತಾಳೆ ಅಂತ ತೆಗೆದುಕೊಳ್ಳಲಿಲ್ಲ.” ಅವರು ಚಹಾ ಕುಡಿಯಲಿಲ್ಲ. “ಈ ಸಲ ಪರೀಕ್ಷಾ ವಿಭಾಗದವನು ಬಂದು ನನ್ನ ಪಕ್ಕದಲ್ಲೇ ನಿಂತಿದ್ದ. ನೀನು ಬಿಟ್ಟುಹೋದದ್ದು ಅವನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ. ಪಟ್ಟಿಯಲ್ಲಿ ಇನ್ನೂ ಇದ್ದ ನಿನ್ನ ಹೆಸರು ಕೂಗಿದೆ, ಅವಳು ಉತ್ತರ ಕೊಟ್ಟಳು. ಅವನು ಎದ್ದು ನಿಲ್ಲು ಅಂದ, ನಿಂತಳು. ರೈಹಾನಾ ಈ ವಿಶ್ವವಿದ್ಯಾಲಯ ಬಿಟ್ಟಾಗಿದೆ ಅಂತ ಅವನು ಎಲ್ಲರೆದುರಿಗೆ ಹೇಳಿದ.”

ಆಮೇಲೆ ಫಸೀಲಾ ಹೇಗಿದ್ದಳು ಎಂದು ರೈಹಾನಾಳಿಗೆ ಕೇಳಬೇಕೆನಿಸಿತು. ಕೇಳಲಿಲ್ಲ. ಆ ಹಾಲ್‌ನ ಎಲ್ಲ ತಲೆಗಳೂ ಹಿಂದಕ್ಕೆ ತಿರುಗಿದ್ದನ್ನು ಅವಳು ಮನಸ್ಸಿನಲ್ಲೇ ಕಂಡಳು. ನಿಂತಿದ್ದ ಫಸೀಲಾಳಿಗೆ ಗುಟ್ಟು ಬಯಲಾದದ್ದಕ್ಕಿಂತ ಮೊದಲು, ಪಕ್ಕದವಳು ಹೇಳದೆ ಹೊರಟುಹೋಗಿದ್ದಾಳೆ ಎಂಬ ಸುದ್ದಿ ತಲುಪಿರಬೇಕು. “ಶಿಕ್ಷೆ ಈ ಟರ್ಮಿಗೆ ಮಾತ್ರ” ಎನ್ನುತ್ತಿದ್ದರು ಪ್ರೊಫೆಸರರು. “ಮುಂದಿನ ಟರ್ಮಿಗೆ ಅವಳು ಬರಬಹುದು. ಇನ್ನು ಕಳಿಸುವುದಿಲ್ಲ ಎಂದು ಹೇಳಿಹೋದದ್ದು ಅವಳ ತಂದೆ. ನನ್ನ ಹತ್ತಿರ ಬಂದು ಪ್ರಯೋಜನವಿಲ್ಲ.”

ಗೇಟಿನ ಹೊರಗೆ ಟೊಯೋಟಾ ಇನ್ನೂ ನಿಂತಿತ್ತು. ಡ್ಯೂಟಿಗೆ ಹೋಗಲಿಲ್ಲವೇ ಎಂದು ಕೇಳಿದ್ದಕ್ಕೆ ಬಾಪ, “ಮುದೀರನಿಗೆ ಹೇಳಿದ್ದೇನೆ. ಇನ್ನೆಲ್ಲಿಗೆ?” ಎಂದರು. ಐನ್ ಖಾಲಿದ್ ಎಂದಳು. ಅವರು ಅದನ್ನು ನಿರೀಕ್ಷಿಸಿದ್ದವರಂತೆ ಗೇರು ಹಾಕಿದರು. ಆ ಹೊತ್ತಿಗೆ ಕಾಲೇಜಿನಲ್ಲಿ ಅವಳ ಕುರ್ಚಿ ಖಾಲಿಯಿದ್ದದ್ದು ಎಲ್ಲರಿಗೂ ಗೊತ್ತಾಗಿ, ಫ್ಲೋರಿನ್ ನಜ್ಮಾದ ಮನೆಗೆ ಫೋನು ಮಾಡಿ, ಉಮ್ಮ ಗಾಬರಿಯಾಗಿರುತ್ತಾಳೆ. ಇರಲಿ. ಮಸೀದಿಯ ಹತ್ತಿರ ತಲುಪಿದಾಗ ಮಧ್ಯಾಹ್ನದ ಲುಹರಿನ ಬಾಂಗ್ ಆಗುತ್ತಿತ್ತು. ದನಿ ಗಟ್ಟಿಯಾಗಿಯೇ ಇತ್ತು, ನಡುಗುತ್ತಿರಲಿಲ್ಲ. ಬಾಪ ನಮಾಝಿಗೆ ಒಳಹೋದರು. ರೈಹಾನಾ ಹಿಂದುಗಡೆಯ ಕ್ವಾರ್ಟರ್ಸ್‌ನ ತಗಡಿನ ಗೇಟು ತಟ್ಟಿದಳು. ಫಸೀಲಾಳ ಉಮ್ಮ ಬಾಗಿಲು ತೆರೆದು, “ಬಾ, ಒಳಗೆ ಬಿಸಿಲಿಲ್ಲ” ಎಂದರು. ಅತಿಥಿಗಳಿಗೆಂದು ಇಟ್ಟಿದ್ದ ಹಾಸುಗೆಯ ಮೇಲೆ ಕೂರಿಸಿದರು. ಮೊದಲಾಗಿದ್ದರೆ ನೇರ ಅಡಿಗೆಮನೆಗೆ ಕರೆಯುತ್ತಿದ್ದರು.

ಫಸೀಲಾ ಬೆಳ್ಳುಳ್ಳಿ ಸುಲಿಯುತ್ತಿದ್ದವಳು ತಟ್ಟೆಯ ಸಮೇತ ಬಂದು ಎದುರಿನ ಗೋಡೆಗೆ ಒರಗಿ ಕೂತಳು. ತಲೆವಸ್ತ್ರದ ಅಂಚಿನಲ್ಲಿ ಸಿಪ್ಪೆಯೊಂದು ಅಂಟಿತ್ತು. “ಹುಷಾರುಂಟಲ್ಲ?” ಎಂದಳು.

“ಹುಷಾರುಂಟು.”

“ನನಗೆ ಅದೇ ಹೆದರಿಕೆ ಇದ್ದದ್ದು. ಎರಡನೇ ಸಲ ಕಾಮಾಲೆ ಬಂದರೆ ಕಷ್ಟ ಅಂತಾರಲ್ಲ.”

ರೈಹಾನಾ ಹಾಸುಗೆಯ ಅಂಚಿಗೆ ಸರಿದಳು. “ಹೋದ ವರ್ಷ ನೀನು ನನ್ನ ಹೆಸರು ಹೇಳಿದ್ದನ್ನು ನನಗೆ ಯಾಕೆ ಹೇಳ್ಲಿಲ್ಲ?” ಎಂದಳು.

ಫಸೀಲಾ ತಲೆಯೆತ್ತಿದಳು. “ನಿನಗೆ ಗೊತ್ತುಂಟು ಅಂತಲೇ ಎಣಿಸಿದ್ದೆ. ಗೊತ್ತಿಲ್ಲದೆ ಮತ್ತೆ? ಪ್ರೊಫೆಸರು ನಿನಗೆ ಏನೂ ಹೇಳ್ಲಿಲ್ಲ ಅಂದಮೇಲೆ ನಿನಗೆ ಅರ್ಥ ಆಗಿರ್ತದೆ ಅಂತ. ನಾನು ಹೇಳಿದ್ದು ಸುಳ್ಳಲ್ವಾ, ಅದನ್ನು ಬಾಯಿಬಿಟ್ಟು ಎಂತ ಹೇಳಿಕೊಳ್ಳುವುದು? ಒಂದು ದಿನ ನೀನಾಗಿ ಆ ವಿಷಯ ಹೇಳ್ತಿ ಅಂತ ಕಾದೆ. ನೀನು ಹೇಳ್ಲಿಲ್ಲ. ಆಮೇಲೆ ನೀನು ಮಾತೇ ಕಡಿಮೆ ಮಾಡಿದೆ. ಕಳ್ಳಹಾಜರಿ ಹೇಳುವವಳ ಸಹವಾಸ ಬೇಡ ಅಂತ ಇರಬೇಕು ಅಂದುಕೊಂಡೆ.”

“ಮತ್ತೆ ಈ ಸಲ ಯಾಕೆ ಹೇಳಿದ್ದು, ಹಾಗೆ ಅಂದುಕೊಂಡ ಮೇಲೂ?”

“ನಿನ್ನ ಹೆಸರು ಕೂಗಿದರಲ್ಲ” ಎಂದಳು ಫಸೀಲಾ, ಇದೂ ಒಂದು ಪ್ರಶ್ನೆಯೇ ಎಂಬಂತೆ.

ಆಗ ಗೇಟಿನ ಸದ್ದಾಯಿತು. ಫಸೀಲಾಳ ಬಾಪ ಚಪ್ಪಲಿ ಬಿಟ್ಟು ಒಳಬಂದರು. ಸಣಕಲು ದೇಹದ ಮನುಷ್ಯ. ಅಷ್ಟು ದೊಡ್ಡ ದನಿ ಅವರೊಳಗೆ ಎಲ್ಲಿರುತ್ತದೋ. ರೈಹಾನಾ ಎದ್ದು ನಿಂತಳು. ಹೇಳಬೇಕಾದದ್ದನ್ನು ಅವಳು ಕಟ್ಟಿಕೊಂಡು ಬಂದಿರಲಿಲ್ಲ. ಕಟ್ಟಿಕೊಂಡದ್ದೆಲ್ಲ ಪ್ರೊಫೆಸರರ ಕೋಣೆಯಲ್ಲಿ ಬಿದ್ದುಹೋಗಿತ್ತು. “ಮಾಮ, ಇವಳನ್ನು ಮತ್ತೆ ಕಳಿಸಬೇಕು” ಎಂದಳು. “ಮುಂದಿನ ಟರ್ಮಿಗೆ ತಗೊಳ್ತಾರೆ, ನಾನು ಹೋಗಿ ಕೇಳಿ ಬಂದೆ. ಇವಳು ನನಗಾಗಿ ಸುಳ್ಳು ಹೇಳಿದ್ದು, ತನಗೆ ಅಂತ ಅಲ್ಲ. ನಾನು ಹೋಗುವುದನ್ನು ಇವಳಿಗೆ ಹೇಳದೆ ಹೋದೆ. ಬೇಕು ಅಂತಲೇ ಹೇಳ್ಲಿಲ್ಲ. ನಾನು ಹೇಳಿದ್ದರೆ ಇವಳು ಆ ದಿನ ಬಾಯಿ ತೆರೆಯುತ್ತಲೇ ಇರಲಿಲ್ಲ.” ಬೇಕು ಅಂತಲೇ ಎಂದಾಗ ಎದುರಿನ ಗೋಡೆಯ ಬಳಿ ಬೆಳ್ಳುಳ್ಳಿ ಸುಲಿಯುವ ಸದ್ದು ನಿಂತದ್ದು ಅವಳಿಗೆ ಕೇಳಿಸಿತು. ಆ ಕಡೆ ನೋಡುವ ಧೈರ್ಯವಾಗಲಿಲ್ಲ.

ಅವರು ಕೂತರು, ಟೋಪಿ ತೆಗೆದು ಮೊಣಕಾಲ ಮೇಲಿಟ್ಟರು, ಮತ್ತೆ ಹಾಕಿಕೊಂಡರು. “ನನಗೆ ಸಿಟ್ಟು ಇಲ್ಲ ಮಗಳೇ” ಎಂದರು. “ನಾನು ಕೂಗುವುದನ್ನು ಕೇಳಿ ಈ ಊರಿನ ಜನ ಎದ್ದುಬರ್ತಾರೆ. ನನ್ನ ಮನೆಯಲ್ಲಿ ಒಬ್ಬಳು ಬೇರೆಯವರ ದನಿಯಲ್ಲಿ ಕೂಗ್ತಾಳೆ ಅಂತ ಆದರೆ, ನನ್ನ ದನಿಗೆ ಏನು ಬೆಲೆ ಉಂಟು? ಅದು ನನಗೆ ನೋವು. ಓದು ಬೇಡ ಅಂತ ನಾನು ಹೇಳಿದ್ದು ಆ ನೋವಲ್ಲಿ.” ಚಾಪೆಯ ಅಂಚು ತೀಡಿದರು. “ಸರಿ, ಮುಂದಿನ ಟರ್ಮಿಗೆ ಹೋಗಲಿ. ಆದರೆ ನೀವಿಬ್ಬರು ಇನ್ನು ಸೇರುವುದು ಬೇಡ. ಮಾತು, ಬರುವುದು ಹೋಗುವುದು, ಏನೂ ಬೇಡ. ನೀನು ಕೆಟ್ಟವಳು ಅಂತ ಅಲ್ಲ. ನಿನ್ನ ವಿಷಯ ಬಂದರೆ ಇವಳಿಗೆ ಸರಿ ತಪ್ಪು ಕಾಣುವುದಿಲ್ಲ. ಅಷ್ಟು ನೀನು ಒಪ್ಪಿದರೆ ನಾನೂ ಒಪ್ತೇನೆ.”

“ಆಗಲಿ ಮಾಮ” ಎಂದಳು ರೈಹಾನಾ.

ತಡವಿಲ್ಲದೆ ಹೇಳಿದಳು. ಇದೇ ತಾನು ತೆರಬೇಕಾದ ಬೆಲೆ ಎಂದು ಎದೆಯೊಳಗೆ ಏನೋ ಹಗುರಾದಂತೆ ಕೂಡ ಆಗಿತ್ತು. ಮಾಮಿ ತಂದ ಚಹಾ ಕುಡಿದಳು. ಚಪ್ಪಲಿ ಮೆಟ್ಟಲು ಅಂಗಳಕ್ಕೆ ಬಂದಾಗ ಹಿಂದೆಯೇ ಫಸೀಲಾ ಬಂದಳು. ಅವಳ ಮುಖ ಕೆಂಪಾಗಿತ್ತು.

“ಆಗಲಿ ಅಂದುಬಿಟ್ಟೆಯಲ್ಲ” ಎಂದಳು ಮೆಲ್ಲಗೆ, ಒಳಗೆ ಕೇಳಿಸದ ಹಾಗೆ.

“ನಿನ್ನ ಓದು ನಿಲ್ಲಬಾರದು ಅಂತ…”

“ನನ್ನತ್ರ ಕೇಳಿದ್ಯಾ? ಹೋಗುವಾಗಲೂ ಕೇಳ್ಲಿಲ್ಲ, ಹೇಳ್ಲಿಲ್ಲ. ಈಗ ಬಿಡುವಾಗಲೂ ನನ್ನತ್ರ ಕೇಳ್ಬೇಕು ಅಂತ ನಿನಗೆ ಕಾಣ್ಲಿಲ್ಲ. ಎರಡು ಸಲವೂ ನೀನೊಬ್ಬಳೇ ತೀರ್ಮಾನ ಮಾಡಿದ್ದು.” ಫಸೀಲಾಳ ಬಾಯಿಂದ ಬಂದದ್ದು ಅವಳದೇ ದನಿ. ಅದು ಎಷ್ಟು ಸಾಧಾರಣವಾದ, ಸ್ವಲ್ಪ ಒರಟಾದ ದನಿ ಎಂಬುದನ್ನು ರೈಹಾನಾ ಮೊದಲ ಬಾರಿಗೆ ಕೇಳಿಸಿಕೊಂಡಳು. ಹೇಳಲು ಬಹಳವಿತ್ತು. ಹೇಳಿದರೆ ಮಾತು ಶುರುವಾಗುತ್ತದೆ, ಮಾತಾಡುವುದಿಲ್ಲ ಎಂದು ಈಗಷ್ಟೇ ಒಪ್ಪಿ ಬಂದಿದ್ದಳು. “ಹೋಗು” ಎಂದಳು ಫಸೀಲಾ. “ಬಿಸಿಲಲ್ಲಿ ನಿನ್ನ ಬಾಪ ನಿಂತಿದ್ದಾರೆ.”

ಮರುದಿನ ಕಾಲೇಜಿನಲ್ಲಿ ಎಲ್ಲರೂ ಕೇಳಿದರು. ಸಂಬಂಧಿಕರೊಬ್ಬರ ಮನೆಗೆ ಹೋಗಿದ್ದೆ ಎಂದಳು. ದಿನಗಳು ಕಳೆದ ಹಾಗೆ ಟೀಚರ ಪ್ರಶ್ನೆಗಳಿಗೆ ಉತ್ತರ ಕೊಡುವುದು ಸ್ವಲ್ಪ ರೂಢಿಯಾಯಿತು. ಸುಡಾನಿನ ಹುಡುಗಿ ಅವಳಿಗೆ ಒಂದು ಶಾಲು ಕೊಟ್ಟಳು. ಫ್ಲೋರಿನ್ ಮಾಡಿದ ಪತ್ರೊಡೆಯನ್ನೂ ತಿಂದಳು, ಚೆನ್ನಾಗಿದೆ ಎಂದು ಕನ್ನಡದಲ್ಲೇ ಹೇಳಿದಳು. ಹೊಸ ಟರ್ಮು ಶುರುವಾದಾಗ ಒಂದು ಸಂಜೆ ಬಾಪ, ಟಿವಿಯಲ್ಲಿ ಸುದ್ದಿ ನೋಡುತ್ತಿದ್ದವರು, ಯಾರಿಗೂ ಅಲ್ಲ ಎಂಬಂತೆ, “ಬಾಂಗ್ ಕೊಡುವವರ ಮಗಳು ಬಸ್ಸಿಗೆ ಕಾಯ್ತಾ ಇದ್ದಳು ಇವತ್ತು” ಎಂದರು. ಉಮ್ಮ ಒಳ್ಳೇದಾಯ್ತು ಎಂದಳು. ರೈಹಾನಾ ಎದ್ದು ಕೋಣೆಗೆ ಹೋಗಿ, ಅಂದು ಬರದೇ ಇದ್ದ ಅಳುವನ್ನು ದಿಂಬಿಗೆ ಮುಖವೊತ್ತಿ ಅತ್ತಳು.

ಚಳಿ ಹಿತವಾಗಿದ್ದ ಒಂದು ದಿನ ಟೀಚರು ಹುಡುಗಿಯರನ್ನೆಲ್ಲ ವ್ಯಾನಿನಲ್ಲಿ ಹಳೆಯ ಸೂಕಿಗೆ ಕರೆದುಕೊಂಡು ಹೋದರು, ಬಜಾರನ್ನು ನೋಡಿ ಬರೆಯಬೇಕೆಂದು. ಮಸಾಲೆಯ ಗೋಣಿಗಳ ನಡುವೆ ಎಲ್ಲರೂ ಗುಂಪಾಗಿ, ಅಗತ್ಯಕ್ಕಿಂತ ಜೋರಾಗಿ ಮಾತಾಡುತ್ತ ನಡೆಯುತ್ತಿದ್ದರು. ಬಟ್ಟೆಯಂಗಡಿಯೊಂದರ ಮುಂದೆ ಫಸೀಲಾ ನಿಂತಿದ್ದಳು, ಉಮ್ಮನ ಜತೆ, ಥಾನಿನಿಂದ ಬಿಡಿಸಿದ ಹಸಿರು ಬಟ್ಟೆಯ ಒಂದು ತುದಿ ಹಿಡಿದುಕೊಂಡು. ಮೊದಲು ನೋಡಿದ್ದು ಅವಳೇ. ಗುರುತು ಹತ್ತಿದ್ದು ಅವಳ ಹುಬ್ಬಿನಲ್ಲಿ ಕಾಣಿಸಿತು, ಬಾಯಿ ಇನ್ನೇನು ತೆರೆಯುವುದರಲ್ಲಿತ್ತು. ಪಕ್ಕದಲ್ಲಿ ಉಮ್ಮ ಏನೋ ಕೇಳಿದರು. ಅವಳು ಬಟ್ಟೆಯ ಕಡೆ ಕಣ್ಣು ಇಳಿಸಿದಳು. ರೈಹಾನಾ ನಡೆಯುತ್ತಲೇ ಇದ್ದಳು. ಆದರೆ ಆ ಸಣ್ಣ ಗುಂಪಿನಲ್ಲಿ ಯಾರ ಮುಖದಲ್ಲಿ ಏನಾದರೂ ಎಲ್ಲರಿಗೂ ತಿಳಿಯುತ್ತಿತ್ತು. ಟೀಚರು ಅವಳ ಹೆಗಲು ಮುಟ್ಟಿ, “ಯಾರವಳು, ನಿನ್ನ ಪರಿಚಯದವಳೇ?” ಎಂದು ಕೇಳಿದರು. ಉಳಿದವರೂ ತಿರುಗಿ ನೋಡತೊಡಗಿದರು, ಹೌದೆಂದರೆ ಈಗಲೇ ಹೋಗಿ ಮಾತಾಡಿಸಿ ಕರೆತರುವ ಉತ್ಸಾಹದಲ್ಲಿ.

“ಅಲ್ಲ” ಎಂದಳು ರೈಹಾನಾ, ದನಿ ಸ್ವಲ್ಪವೂ ನಡುಗದಂತೆ. “ಯಾರೋ ಗೊತ್ತಿಲ್ಲ.”

ಎಲ್ಲರೂ ಆ ಮಾತನ್ನು ಒಡನೆ ನಂಬಿದರು.